ಖಾಲಿ ಜಾಗದ ಹೆಗ್ಗಣ

ಆನೆಯ ಮನರಂಜನಾ ಪಾರ್ಕಿನ ಖಾಲಿ ಜಾಗದಲ್ಲಿ ಹೆಗ್ಗಣವೊಂದು ಮರಿ ಹಾಕಿತ್ತು. ಅಭಿಮಾನಿಗಳೆಲ್ಲ ಒಪ್ಪುವ ಸಿನಿಮಾ ಸರಣಿಗೆ ಆ ಜಾಗ ಕೊಟ್ಟು, ಅದರ ಸೆಟ್ ಕಟ್ಟುತ್ತೇನೆಂದು ಆನೆ ಸಾರಿದಾಗ ಹೆಗ್ಗಣ ಮರಿಗಳನ್ನು ಬಿಲದ ಆಳಕ್ಕೆ ಎಳೆದುಕೊಂಡಿತು.

"ದೆವ್ವದ ಬಂಗಲೆ ಸರಣಿಗೇ ಕೊಡಬೇಕು!" ಎಂದವು ಕಾಗೆಗಳು.

"ಹೋಗ್ರಯ್ಯಾ, ನಮ್ಮ ಕಳ್ಳರ ಸರಣಿಯ ಮುಂದೆ ನಿಮ್ಮ ದೆವ್ವ ಯಾವ ಲೆಕ್ಕ?" ಎಂದಿತು ಕೋತಿ.

ಕಿತ್ತಾಡಿ ಕಿತ್ತಾಡಿ ಗಂಟಲು ಬಿದ್ದುಹೋದ ಕೋತಿ ಕೊನೆಗೆ, "ದೆವ್ವವೇ ಇರಲಿ ಮಾರಾಯರೇ," ಎಂದು ಕೈಚೆಲ್ಲಿತು. ಆನೆ ಗುದ್ದಲಿ ಎತ್ತಿತು.

ಹೆಗ್ಗಣ ಬಿಲದಿಂದ ತಲೆ ಹೊರಹಾಕಿ ವಿನಯದಿಂದ ಕೇಳಿತು: "ಅಣ್ಣಂದಿರಾ, ಕಟ್ಟುವುದು ಮೊದಲನೇ ಭಾಗದ ಬಂಗಲೆಯನ್ನೋ, ಎರಡನೆಯದರದ್ದನ್ನೋ?"

"ಮೊದಲನೆಯದ್ದೇ!" ಎಂದಿತು ಹಿರಿ ಕಾಗೆ.

"ಎರಡನೆಯದನ್ನು ಬಿಟ್ಟ ನೀನೆಂಥ ಅಭಿಮಾನಿಯೋ?" ಎಂದು ಅದರ ತಮ್ಮನೇ ಕುಕ್ಕಲು ಬಂತು.

ಆನೆ ಗುದ್ದಲಿ ಕೆಳಗಿಟ್ಟಿತು. ಹೆಗ್ಗಣ ಒಳಹೋಗಿ ಮರಿಗಳನ್ನು ತಬ್ಬಿಕೊಂಡಿತು. "ಮಲಗ್ರಪ್ಪಾ, ಅವರಿಗಿನ್ನೂ ಮೂರನೇ ಭಾಗ ನೆನಪಾಗಿಲ್ಲ."