ತೂಬಿನವರೆಗೆ ನಡೆದವನು

"ಬುದ್ಧೀ, ಎಷ್ಟು ನಡೆದರೂ ನನ್ನ ಮನಸ್ಸು ಯಾಕೆ ಒಂದು ಕಡೆ ನಿಲ್ಲೋದಿಲ್ಲ?"

ಕೇಳಿದವನು ಸೋಮಲಿಂಗ, ಬಳೆ ತೊಡಿಸುವ ಕಸುಬಿನವನು. ಊರಲ್ಲಿ ಅಂಟುಬೇನೆ ಹಬ್ಬಿ ಎರಡು ತಿಂಗಳಾಗಿತ್ತು. ಕೈ ಹಿಡಿಯದೆ ಬಳೆ ತೊಡಿಸಲು ಬರುವುದಿಲ್ಲ, ಆದ್ದರಿಂದ ಅವನ ಕಸುಬು ನಿಂತಿತ್ತು. ಗುರುಗಳು ಮಠದ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದರು. ಅವನು ಅವರಿಂದ ಹತ್ತು ಮಾರು ದೂರದಲ್ಲಿ ನೆಲದ ಮೇಲೆ ಕೂತಿದ್ದ. ಬೇನೆ ತಗ್ಗುವ ತನಕ ಎಲ್ಲರೂ ಹಾಗೇ ಕೂರಬೇಕೆಂದು ಗುರುಗಳು ಹೇಳಿದ್ದರು.

"ಮನೆಯೊಳಗೆ ಕೂತು ಕೊರಗಬೇಡ, ಬಯಲಲ್ಲಿ ನಡೆ ಅಂತ ತಾವೇ ಅಪ್ಪಣೆ ಕೊಡಿಸಿದ್ರಿ," ಎಂದ ಸೋಮಲಿಂಗ. "ನಡೀತಾ ಇದೀನಿ. ನಡೆಯೋವಾಗ ಹಿತವಾಗಿರುತ್ತೆ. ಮನೆ ಹೊಸಿಲು ತುಳಿದರೆ ಮತ್ತೆ ಅದೇ ತಳಮಳ. ಹೊರಡೋವಾಗ ಹೆಂಡತಿ ಏನೋ ಹೇಳ್ತಿರ್ತಾಳೆ, ನಿಂತು ಕೇಳೋಕೂ ಆಗಲ್ಲ. ಅದಕ್ಕೇ ದಿನಾ ಇನ್ನಷ್ಟು ದೂರ ಹೋಗ್ತೀನಿ. ಮೊದಲು ಹಳ್ಳದ ತನಕ ಹೋಗ್ತಿದ್ದೆ. ಆಮೇಲೆ ಗುಡ್ಡ ಹತ್ತಿದೆ. ಈಗ ಗುಡ್ಡದ ಆಚೆಯ ದಿಣ್ಣೇನೂ ದಾಟ್ತಿದೀನಿ. ಇನ್ನೆಲ್ಲಿಗೆ ಹೋಗಲಿ?"

"ಹೀಗೇ ಹೋದರೆ ಇನ್ನೊಂದು ತಿಂಗಳಿಗೆ ಸಮುದ್ರ ಸಿಗುತ್ತದೆ," ಎಂದರು ಗುರುಗಳು. "ಆಮೇಲೆ ಈಜು ಕಲಿಯಬೇಕಾಗುತ್ತದೆ."

ಸೋಮಲಿಂಗ ನಗಲಿಲ್ಲ. ಅವನ ಬೆರಳುಗಳು ನೆಲದ ಹುಲ್ಲನ್ನು ಕೀಳುತ್ತಲೇ ಇದ್ದವು. ಅದನ್ನು ನೋಡಿ ಗುರುಗಳಿಗೆ ಕನಿಕರ ಬಂತು, ಸ್ವಲ್ಪ ಸಿಟ್ಟೂ ಬಂತು. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ ಇದ್ದ. ಆ ಊರಿಗೂ ಬೇನೆ ಬಂತು. ಆ ಕಾಲದಲ್ಲಿ ಬೇನೆ ಬಂದರೆ ಜನ ಮನೆಗಳಿಗೆ ಬೀಗ ಹಾಕಿ, ಊರು ಬಿಟ್ಟು, ಬಯಲಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹೊಲವಿದ್ದವರು ತಮ್ಮ ಹೊಲಕ್ಕೆ ಹೋದರು. ನೇಕಾರರಿಗೆ ಹೊಲ ಎಲ್ಲಿಯದು? ಅವರು ಕೆರೆ ಏರಿಯ ಪಕ್ಕದ ಬೀಳು ನೆಲದಲ್ಲಿ ಗುಡಿಸಲು ಹಾಕಿದರು. ಒಂದು ಗುಡಿಸಲಿಗೂ ಇನ್ನೊಂದಕ್ಕೂ ನಲವತ್ತು ಹೆಜ್ಜೆ ಅಂತರವಿರಬೇಕೆಂದು ಹಿರಿಯರು ಗೊತ್ತುಮಾಡಿದರು. ಯಾರೂ ಇನ್ನೊಬ್ಬರ ಗುಡಿಸಲಿಗೆ ಕಾಲಿಡಬಾರದು. ಇಟ್ಟವರು ಹತ್ತು ದಿನ ಅಲ್ಲೇ ಇರಬೇಕು, ತಮ್ಮ ಗುಡಿಸಲಿಗೆ ಮರಳಬಾರದು. ಬಯಲಲ್ಲಿ ಮಾತ್ರ ಎಷ್ಟು ಬೇಕಾದರೂ ಓಡಾಡಬಹುದು ಎಂದರು.

ನೇಕಾರನ ಗುಡಿಸಲಿನಲ್ಲಿ ಇದ್ದವರು ಮೂವರು. ಅವನು, ಅವನ ಹೆಂಡತಿ, ಅವನ ತಾಯಿ. ತಾಯಿಗೆ ಎರಡು ವರ್ಷದಿಂದ ಕಾಲು ಸ್ವಾಧೀನವಿರಲಿಲ್ಲ. ಹಳೆಯ ಕೆಮ್ಮೂ ಇತ್ತು. ಹಳೆಯ ಕೆಮ್ಮೇ ಆದರೂ ಆಕೆ ಕೆಮ್ಮಿದಾಗಲೆಲ್ಲ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಗ್ಗ ಊರಲ್ಲೇ ಉಳಿದಿತ್ತು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅಭ್ಯಾಸವಾದವನಿಗೆ ಈಗ ಮಾಡಲು ಏನೂ ಇರಲಿಲ್ಲ. ಗಡಿಗೆಗಳನ್ನು ಎತ್ತಿ, ಎತ್ತಿದ ಜಾಗಕ್ಕೇ ಇಟ್ಟ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆದ. ಮರುದಿನ ಕಡಿಮೆಯಾಯಿತೆಂದು ತೆಗೆದ. ಬಾಗಿಲಲ್ಲಿ ನಿಂತು ಯಾವ ಗುಡಿಸಲಿನಲ್ಲಿ ಒಲೆಯ ಹೊಗೆ ಏಳುತ್ತಿದೆ, ಯಾವುದರಲ್ಲಿ ಇಲ್ಲ ಎಂದು ನೋಡುವುದೇ ಅವನ ಕೆಲಸವಾಯಿತು. ಹೊಗೆ ಏಳದ ಗುಡಿಸಲು ಒಂದು ಕಂಡರೂ ಅಂದು ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ದಿನ ನಾಟಿವೈದ್ಯನೊಬ್ಬ ಏರಿಯ ಮೇಲೆ ನಿಂತು ಎಲ್ಲರಿಗೂ ಕೂಗಿ ಹೇಳಿದ: "ಒಳಗೆ ಕೂತು ಕೊಳೀಬೇಡಿ. ಬಿಸಿಲು ಬೆನ್ನಿಗೆ ತಾಗಲಿ, ಬೆವರು ಹರೀಲಿ. ನಡೆಯೋವಾಗ ತಲೇಲಿ ಏನನ್ನೂ ಇಟ್ಕೋಬೇಡಿ." ಒಳ್ಳೆಯ ಮಾತು. ನಾನು ನಿನಗೆ ಹೇಳಿದ್ದೂ ಅದನ್ನೇ.

ನೇಕಾರ ನಡೆಯಲು ಹೊರಟ. ಆದರೆ ದುಡಿದು ಉಣ್ಣುವವನಿಗೆ ಸುಮ್ಮನೆ ನಡೆಯುವುದೆಂದರೆ ನಾಚಿಕೆ. ಅವನ ಕಾಲಿಗೆ ಗೊತ್ತಿದ್ದ ನಡಿಗೆ ಒಂದೇ. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಕುಂಚದಿಂದ ಗಂಜಿ ಹಚ್ಚುತ್ತಾ ಆ ತುದಿಯಿಂದ ಈ ತುದಿಗೆ ನಡೆಯುತ್ತಾರಲ್ಲ, ಆ ನಡಿಗೆ. ಅವನು ಆಲದ ಮರದಿಂದ ಕೆರೆಯ ತೂಬಿನವರೆಗೆ ಒಂದು ಗೆರೆ ಗೊತ್ತುಮಾಡಿಕೊಂಡ. ಕೈಯಲ್ಲಿ ಕುಂಚವಿಲ್ಲ, ಪಕ್ಕದಲ್ಲಿ ನೂಲಿಲ್ಲ. ಆದರೂ ಬಲಗೈ ಬೀಸುತ್ತಾ ತೂಬಿನವರೆಗೆ ಹೋದ, ತಿರುಗಿ ಬಂದ. ಬೇರೆ ನೇಕಾರರು ಬಾಗಿಲಲ್ಲಿ ನಿಂತು ನಕ್ಕರು. ಎರಡು ದಿನ ನಕ್ಕು, ಮೂರನೆಯ ದಿನ ತಾವೂ ಇಳಿದರು. ವಾರ ಕಳೆಯುವುದರೊಳಗೆ ಆ ಬೀಳಿನ ತುಂಬ ಗಂಡಸರು. ಒಬ್ಬೊಬ್ಬನಿಗೂ ಒಂದೊಂದು ಗೆರೆ. ಎಲ್ಲರೂ ಗಾಳಿಗೆ ಗಂಜಿ ಹಚ್ಚುತ್ತಾ ಹೋಗುತ್ತಿದ್ದರು, ಬರುತ್ತಿದ್ದರು.

ನೂಲಿಗೆ ಗಂಜಿ ಹಚ್ಚುವುದು ಒಬ್ಬರ ಕೆಲಸವಲ್ಲ. ಒಂದು ಮಗ್ಗುಲಿಗೆ ಗಂಡ ನಡೆದರೆ ಇನ್ನೊಂದು ಮಗ್ಗುಲಿಗೆ ಹೆಂಡತಿ ನಡೆಯಬೇಕು. ಇಬ್ಬರ ಹೆಜ್ಜೆಯೂ ಒಂದೇ ಇರಬೇಕು. ಒಬ್ಬರು ಮುಂದಾದರೆ ಗಂಜಿ ಒಣಗಿ ನೂಲು ಹರಿಯುತ್ತದೆ. ಇದು ಅಲ್ಲಿ ನಡೆಯುತ್ತಿದ್ದ ಪ್ರತಿಯೊಬ್ಬನಿಗೂ ಹುಟ್ಟಿನಿಂದ ಗೊತ್ತು. ಆದರೂ ಆಚೆ ಮಗ್ಗುಲು ಖಾಲಿ ಇರುವುದು ಒಬ್ಬನಿಗೂ ಕಾಣಲಿಲ್ಲ. ಆ ಮಗ್ಗುಲಿನವರು ಗುಡಿಸಲಿನೊಳಗೆ ಒಲೆ ಊದುತ್ತಿದ್ದರು. ಬಹಳ ಬುದ್ಧಿವಂತರು ಎನ್ನಬೇಕು ಆ ಗಂಡಸರನ್ನು.

"ಹಾಗಾದ್ರೆ ನಡೆಯೋದೇ ತಪ್ಪಾ, ಬುದ್ಧೀ?" ಎಂದು ಸೋಮಲಿಂಗ ನಡುವೆ ಬಾಯಿ ಹಾಕಿದ.

"ಕತೆ ಮುಗಿಯುವವರೆಗೆ ಆ ಹುಲ್ಲನ್ನು ಬಿಟ್ಟು ಕೂರು," ಎಂದು ಗುರುಗಳು ಮುಂದುವರಿಸಿದರು.

ನೇಕಾರನಿಗೆ ನಡಿಗೆ ಒಗ್ಗಿತು. ಮೊದಲ ದಿನ ಎರಡು ಮುದ್ದೆ ಉಂಡು ಚೆನ್ನಾಗಿ ನಿದ್ದೆ ಮಾಡಿದ. ಹೆಂಡತಿಗೂ ಸಮಾಧಾನವಾಯಿತು. ಇನ್ನು ಉಪ್ಪಿನ ಜಗಳ ಇರುವುದಿಲ್ಲ ಎಂದುಕೊಂಡಳು. ಆದರೆ ನಡಿಗೆ ನಿಂತ ಕೂಡಲೇ ತಳಮಳ ಮರಳುತ್ತಿತ್ತು. ಆದ್ದರಿಂದ ಅವನು ನಿಲ್ಲುವುದನ್ನೇ ಕಡಿಮೆ ಮಾಡಿದ. ಮೊದಲು ಬೆಳಗಿನ ಹೊತ್ತು, ಆಮೇಲೆ ಸಂಜೆಯೂ, ಕೊನೆಗೆ ಇಡೀ ಹಗಲು. ತಾಯಿಯ ಕೆಮ್ಮು ಕೇಳಿಸದಷ್ಟು ದೂರ ಹೋದ ಮೇಲೆಯೇ ಅವನ ಉಸಿರು ಸರಾಗವಾಗುತ್ತಿತ್ತು.

ಹೆಂಡತಿಗೆ ಒಬ್ಬಳು ಅಕ್ಕ ಇದ್ದಳು. ಗಂಡ ಸತ್ತವಳು, ಮಕ್ಕಳಿಲ್ಲ. ಅವಳ ಗುಡಿಸಲು ತೂಬಿನ ಆಚೆ ಒಂಟಿಯಾಗಿತ್ತು. ಬೀಳಿನಿಂದ ಅದು ಕಾಣುತ್ತಿರಲಿಲ್ಲ, ತೂಬಿನ ಬಳಿ ನಿಂತರೆ ಕಾಣುತ್ತಿತ್ತು. ಹೆಂಡತಿ ಅತ್ತೆಯನ್ನು ಒಬ್ಬಳನ್ನೇ ಬಿಟ್ಟು ಅಷ್ಟು ದೂರ ಹೋಗುವ ಹಾಗಿರಲಿಲ್ಲ. ಆದ್ದರಿಂದ ದಿನವೂ ಗಂಡ ಹೊರಡುವಾಗ ಒಂದೇ ಮಾತು ಹೇಳುತ್ತಿದ್ದಳು: "ತೂಬಿನ ತಾವ ಹೋದಾಗ ಅಕ್ಕನ ಒಲೆ ಹೊಗೆ ಕಾಣ್ತದಾ ನೋಡ್ಕೊಂಡು ಬನ್ನಿ."

ಮೊದಮೊದಲು ಅವನು ನೋಡಿಕೊಂಡು ಬಂದು ಹೇಳಿದ. ಆಮೇಲೆ ಮರೆತ. ಅವನದು ಕೆಟ್ಟ ಮನಸ್ಸಲ್ಲ. ತಲೆಯಲ್ಲಿ ಏನನ್ನೂ ಇಟ್ಟುಕೊಳ್ಳಬೇಡಿ ಎಂದು ವೈದ್ಯ ಹೇಳಿದ್ದ. ಅವನು ಶ್ರದ್ಧೆಯಿಂದ ತಲೆ ಖಾಲಿ ಮಾಡಿಕೊಂಡ. ಭಯ ಹೋಯಿತು, ಅದರ ಜೊತೆಗೆ ಹೆಂಡತಿಯ ಮಾತೂ ಹೋಯಿತು. ದಿನಕ್ಕೆ ಇಪ್ಪತ್ತು ಸಲ ತೂಬು ಮುಟ್ಟಿ, ಇಪ್ಪತ್ತು ಸಲವೂ ನೋಡದೆ ಬೆನ್ನು ತಿರುಗಿಸಿದ. ಸಂಜೆ ಹೆಂಡತಿ ಕೇಳಿದರೆ "ಹ್ಞೂಂ, ಇತ್ತು" ಎನ್ನುತ್ತಿದ್ದ. ಇಲ್ಲವೆಂದರೆ ಅವಳು ಗಾಬರಿಯಾಗುತ್ತಾಳೆ, ಮರೆತೆನೆಂದರೆ ಬೈಯುತ್ತಾಳೆ. ಇತ್ತು ಎಂದರೆ ನೆಮ್ಮದಿಯಾಗಿ ಉಣ್ಣಬಹುದು.

ಹೀಗೆ ಮೂರು ದಿನ ಕಳೆಯಿತು. ಮೂರನೆಯ ಸಂಜೆ ಅವನು ಖುಷಿಯಲ್ಲಿದ್ದ. ಕೆರೆಗೆ ಬೆಳ್ಳಕ್ಕಿ ಇಳಿದದ್ದನ್ನು ಹೇಳಿದ, ಏರಿಯ ಮೇಲೆ ಗಾಳಿ ತಂಪಾಗಿದ್ದದ್ದನ್ನು ಹೇಳಿದ. "ನನ್ ಮನಸ್ಸು ಎಷ್ಟು ಹಗುರಾಗದೆ ಗೊತ್ತಾ?" ಎಂದ.

ಹೆಂಡತಿ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಹೇಳಿದಳು: "ಗೊತ್ತಾಗದೆ ಏನು? ನೀವು ಇಳಿಸಿ ಹೋದದ್ದೆಲ್ಲ ಇಲ್ಲೇ ಬಿದ್ದಿರ್ತದಲ್ಲ." ಮುದ್ದೆ ಬಡಿಸುತ್ತಾ ಕೇಳಿದಳು: "ಅಕ್ಕನ ಹೊಗೆ ಎಲ್ಲಿಂದ ಏಳ್ತಿತ್ತು?"

"ಎಲ್ಲಿಂದ ಅಂದ್ರೆ? ಗುಡಿಸಲ ಮೇಲಿಂದ," ಎಂದ ನೇಕಾರ.

ಅಕ್ಕನ ಒಲೆ ಇದ್ದದ್ದು ಗುಡಿಸಲಿನ ಒಳಗಲ್ಲ, ಮುಂದಿನ ಹುಣಿಸೆ ಮರದ ಕೆಳಗೆ. ಗುಡಿಸಲು ಹಾಕಿದ ದಿನ ಅದನ್ನು ಹೂಡಿಕೊಟ್ಟವಳು ಇವಳೇ. ಅವಳು ಒಲೆಯ ಕಡೆ ತಿರುಗಿ ಕೊಳ್ಳಿಯನ್ನು ಒಳಗೆ ನೂಕಿದಳು.

ಮರುದಿನ ನೇಕಾರ ಮಧ್ಯಾಹ್ನ ಉಣ್ಣಲು ಬಂದಾಗ ಹೆಂಡತಿ ಇರಲಿಲ್ಲ. ತಾಯಿ ಒಬ್ಬಳೇ ಮಲಗಿದ್ದಳು.

"ಎಲ್ಲವ್ವ ಅವಳು?"

"ಹೊರಗೆ ಹೋದ್ಲು ಕಣಪ್ಪ," ಎಂದಳು ತಾಯಿ. "ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ. ನಿನ್ನನ್ನೂ ಯಾವತ್ತೂ ಕೇಳ್ಲಿಲ್ವಲ್ಲ."

ಆಗ ಅವನಿಗೆ ಅಕ್ಕನ ಹೊಗೆಯ ನೆನಪಾಯಿತು. ತೂಬಿನ ಕಡೆ ಓಡಬೇಕೆಂದು ಹೊರಗೆ ಬಂದ. ಒಳಗೆ ತಾಯಿ ಕೆಮ್ಮಿ ನೀರು ಕೇಳಿದಳು. ನೀರು ಕುಡಿಸಿ ಮತ್ತೆ ಹೊರಟ. ಒಲೆಯ ಕೊಳ್ಳಿ ಜಾರಿ ಚಾಪೆಯ ಹತ್ತಿರ ಬಿತ್ತು. ಅದನ್ನು ಒಳಗೆ ನೂಕಿದ. ಮೂರನೆಯ ಸಲ ಹೊರಟಾಗ ತಾಯಿ, "ಮಗ್ಗುಲು ಬದಲಾಯಿಸಪ್ಪ, ಬೆನ್ನು ಉರೀತದೆ," ಎಂದಳು. ಅವನು ಬಾಗಿಲಿಗೂ ಚಾಪೆಗೂ ನಡುವೆ ಸುತ್ತಿದ. ಆರು ಹೆಜ್ಜೆ ಅತ್ತ, ಆರು ಹೆಜ್ಜೆ ಇತ್ತ. ಅಕ್ಕನ ಗುಡಿಸಲಿಗೆ ಬೇನೆ ಬಂದಿದ್ದರೆ? ಇವಳು ಅದರೊಳಗೆ ಕಾಲಿಟ್ಟಿದ್ದರೆ? ಅಷ್ಟು ಭಯವನ್ನು ಅವನು ಅದುವರೆಗೆ ಕಂಡಿರಲಿಲ್ಲ. ಭಯ ಬಂದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ, ಅದನ್ನು ಕಾಣುವ ಪಾಳಿ ಹೆಂಡತಿಗೆ ಬರುತ್ತಿತ್ತು.

ಹೊತ್ತು ಇಳಿಯುವಾಗ ಹೆಂಡತಿ ಬಂದಳು. ಗುಡಿಸಲಿನವರೆಗೆ ಬರಲಿಲ್ಲ. ನಲವತ್ತು ಹೆಜ್ಜೆ ದೂರದಲ್ಲೇ ನಿಂತಳು.

"ಅಕ್ಕ ಜಾರಿ ಬಿದ್ದು ಕಾಲು ಮುರ್ಕೊಂಡವಳೆ," ಎಂದು ಕೂಗಿ ಹೇಳಿದಳು. "ಮೂರು ದಿನದಿಂದ ಒಲೆ ಹಚ್ಚಿಲ್ಲ. ಗಡಿಗೆ ತಳದಾಗಿದ್ದ ನೀರಲ್ಲೇ ಜೀವ ಹಿಡ್ಕೊಂಡವಳೆ. ತೂಬಿನ ಮೇಲೆ ಯಾರೋ ಓಡಾಡ್ತಿದ್ರಂತೆ. ಅಕ್ಕ ಕೂಗಿದ್ಲಂತೆ. ಅವರು ಕೈ ಬೀಸ್ಕೊಂಡು ಹೊರಟುಹೋದ್ರಂತೆ."

ನೇಕಾರ ತನ್ನ ಬಲಗೈ ನೋಡಿಕೊಂಡ.

"ನಾನು ಒಳಗೆ ಹೋಗಿ ಎತ್ತಿ ಕೂರಿಸ್ದೆ. ಇನ್ನು ಹತ್ತು ದಿನ ಇಲ್ಲಿಗೆ ಬರೋ ಹಾಗಿಲ್ಲ. ಅತ್ತೆಗೆ ಗಂಜಿ ತೆಳ್ಳಗೆ ಕಾಸಿ. ಆಗಾಗ ಮಗ್ಗುಲು ಬದಲಾಯಿಸಿ." ಇಷ್ಟು ಹೇಳಿ ಅವಳು ಏರಿಯ ಕಡೆ ನಡೆದಳು. ತಿರುಗಿ ನೋಡಲಿಲ್ಲ.

ಹತ್ತು ದಿನ ನೇಕಾರ ತೂಬಿನ ಕಡೆ ಹೋಗಲಿಲ್ಲ. ತಾಯಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ಮೊದಲ ಎರಡು ದಿನ ಕಟ್ಟಿಹಾಕಿದ ಕರುವಿನ ಹಾಗೆ ಒದ್ದಾಡಿದ. ಅಕ್ಕ ಕೂಗಿದ್ದು ತನಗೆ ಕೇಳಿಸಿತ್ತೇ ಎಂದು ನೆನಪು ಮಾಡಿಕೊಂಡ. ಕೇಳಿಸಿತ್ತು. ಯಾವುದೋ ಹಕ್ಕಿ ಎಂದುಕೊಂಡಿದ್ದ. ನಾಚಿಕೆಯಿಂದ ಅವನು ತಾಯಿಯ ಮುಖ ನೋಡಲಾರದೆ ಹೋದ. ಮೂರನೆಯ ದಿನ ಹೊಗೆ ತಡೆಯಲಾರದೆ ಒಲೆಯನ್ನು ಹೊರಗೆ ಹೂಡಿದ. ಇಷ್ಟು ದಿನ ಹೆಂಡತಿ ಅದನ್ನು ಹೇಗೆ ತಡೆದುಕೊಂಡಳು ಎಂದು ಅವನಿಗೆ ತಿಳಿಯಲಿಲ್ಲ. ನಾಲ್ಕನೆಯ ದಿನ ತಾಯಿಯನ್ನು ಎತ್ತಿಕೊಂಡು ಬಂದು ಆಲದ ಮರದ ಕೆಳಗೆ ಚಾಪೆಯ ಮೇಲೆ ಕೂರಿಸಿದ. ಆಕೆ ಊರು ಬಿಟ್ಟು ಬಂದ ಮೇಲೆ ಬಿಸಿಲು ಕಂಡದ್ದು ಅದೇ ಮೊದಲು. ಹೊರಗೆ ಕೂತವಳು ಒಂದು ತಾಸು ಕೆಮ್ಮಲಿಲ್ಲ. ನಡೆಯುತ್ತಿದ್ದ ಗಂಡಸರು ಆಕೆಯನ್ನು ನೋಡಿ ಒಂದು ಗಳಿಗೆ ನಿಂತರು. ಆಮೇಲೆ ಗಾಳಿಗೆ ಗಂಜಿ ಹಚ್ಚುತ್ತಾ ಮುಂದೆ ಹೋದರು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

"ಅಕ್ಕ ಬದುಕಿದ್ಲಾ, ಬುದ್ಧೀ?" ಎಂದ ಸೋಮಲಿಂಗ.

"ಬದುಕಿದಳು. ಅದರಲ್ಲಿ ನಡೆದವನ ಪಾಲೇನೂ ಇಲ್ಲ."

"ಹೆಂಡತಿ ತಿರುಗಿ ಬಂದ್ಲಾ?"

"ಹನ್ನೊಂದನೆಯ ದಿನ ಬಂದಳು. ಅವ್ವನ ಹತ್ತಿರ ನಾನಿರುತ್ತೇನೆ, ನೀನು ಒಂದಿಷ್ಟು ಓಡಾಡಿಕೊಂಡು ಬಾ ಎಂದ ಅವನು. ಅವಳು ಸ್ವಲ್ಪ ಹೊತ್ತು ನಂಬದೆ ನಿಂತಿದ್ದಳು. ಆಮೇಲೆ ಹೋದಳು."

ಸೋಮಲಿಂಗನ ಮುಖ ತಿಳಿಯಾಯಿತು. ಪಂಚೆಗೆ ಹತ್ತಿದ ಮಣ್ಣು ಕೊಡವಿಕೊಂಡು ಎದ್ದ. ಆಗಲೇ ಅವನ ಒಂದು ಕಾಲು ಗುಡ್ಡದ ದಾರಿಯ ಕಡೆ ತಿರುಗಿತ್ತು. "ಅರ್ಥವಾಯ್ತು ಬುದ್ಧೀ. ನಾಳೆಯಿಂದ ಸ್ವಲ್ಪ ಕಡಿಮೆ ನಡೀತೀನಿ," ಎಂದ.

ಗುರುಗಳು ಕೇಳಿದರು: "ಇಂದು ಬೆಳಿಗ್ಗೆ ನೀನು ಹೊರಡುವಾಗ ನಿನ್ನ ಹೆಂಡತಿ ಏನೋ ಹೇಳಿದಳಲ್ಲ, ಅದೇನು?"