ಬೆಲ್ಲದ ತುಲಾಭಾರ

"ಗುರುಗಳೇ, ತೂಕ ಇಳಿಸುವ ಪುಡಿಯಿಂದ ಲಾಭ ಹೆಚ್ಚೋ, ಅಪಾಯ ಹೆಚ್ಚೋ?" ಎಂದು ಶಾಂಭವಿ ಕೇಳಿದಳು. ಕೇಳಿದ ಮೇಲೆ ನಾಚಿಕೆಯಾಯಿತು. "ನನಗಲ್ಲ, ಪಕ್ಕದ ಮನೆಯವಳಿಗೆ" ಎಂದು ಸೇರಿಸಿ, ತಂದಿದ್ದ ಮಜ್ಜಿಗೆಯ ಲೋಟವನ್ನು ಅವರ ಮುಂದಿಟ್ಟಳು. ಒಂದಿಷ್ಟು ಚಾಪೆಯ ಮೇಲೆ ತುಳುಕಿತು. ಸೆರಗಿನಿಂದ ಒರೆಸಿದಳು.

ಗುರುಗಳು ಲೋಟ ಮುಟ್ಟದೆ ಕತೆ ಹೇಳಿದರು.

ಒಬ್ಬ ವರ್ತಕನ ಹೆಂಡತಿ ಹೆರಿಗೆಯಲ್ಲಿ ಸಾಯುವಂತಾಗಿ ಬದುಕಿದಳು. ಸೊಸೆ ಉಳಿದರೆ ಅವಳ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದಳು. ಬಾಣಂತನ ಮುಗಿಯುವ ಹೊತ್ತಿಗೆ ಸೊಸೆ ಮೈತುಂಬಿಕೊಂಡಿದ್ದಳು. ಊರೆಲ್ಲ ನೋಡುವಾಗ ತಕ್ಕಡಿಯಲ್ಲಿ ಕೂರುವುದನ್ನು ನೆನೆದರೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಹಿಂದೊಮ್ಮೆ ದಪ್ಪಗಿನವನೊಬ್ಬ ಕೂತಾಗ, "ಆಲೆಮನೆಯನ್ನೇ ಹೊತ್ತು ತನ್ನಿ" ಎಂದು ನಕ್ಕವರಲ್ಲಿ ಅವಳೂ ಇದ್ದಳು.

ಬೀದಿಯಲ್ಲಿ ಬಂದ ಪುಡಿಯವನನ್ನು ಅವಳು ಒಂದೇ ಮಾತು ಕೇಳಿದಳು: "ಇಳಿಯುತ್ತಾ?"

"ಬಳ್ಳಿ ಆಗ್ತೀರಿ, ತಾಯಿ."

ಗಂಡನ ಅಂಗಡಿಯ ತಕ್ಕಡಿಯಲ್ಲಿ ಕದ್ದು ಕದ್ದು ತೂಗಿ ನೋಡಿಕೊಂಡಳು. ಇಳಿದಿತ್ತು. ಮದುವೆಯ ರವಿಕೆ ಮತ್ತೆ ಹಿಡಿಸಿತು. ಎದೆ ಡವಗುಟ್ಟುತ್ತಿತ್ತು, ನಿದ್ದೆ ಹಾರಿಹೋಗಿತ್ತು, ಕೈ ನಡುಗುತ್ತಿತ್ತು. ಇವು ತಕ್ಕಡಿಯಲ್ಲಿ ಕಾಣುವಂಥವಲ್ಲ; ಅವಳೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹರಕೆಯ ದಿನ ಯಾರೂ ನಗಲಿಲ್ಲ. "ಹೂವಿನ ಹಾಗಿದ್ದಾಳೆ" ಎಂದರು. ಅತ್ತೆ ಆಸೆಯಿಂದ ತಂದಿದ್ದ ಬೆಲ್ಲದಲ್ಲಿ ಎಷ್ಟೋ ಅಚ್ಚು ಮಿಕ್ಕಿತು. ಸೊಸೆ ಬೀಗುತ್ತ ತಟ್ಟೆಯಿಂದ ಇಳಿದು ಮಗುವಿಗೆ ಕೈಚಾಚಿದಳು. ಎತ್ತಿಕೊಂಡ ಮಗು ಕೈಜಾರಿತು. ಅತ್ತೆ ಹಿಡಿಯದಿದ್ದರೆ ಕಲ್ಲುಹಾಸಿನ ಮೇಲೆ ಬೀಳುತ್ತಿತ್ತು.

ಅತ್ತೆ ಬೈಯಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು, ಮಿಕ್ಕ ಬೆಲ್ಲವನ್ನು ನೋಡುತ್ತ, "ನಿನ್ನನ್ನು ಪೂರ್ತಿ ಉಳಿಸಿಕೊಡು ಅಂತ ಬೇಡಿದ್ದೆ ಕಣವ್ವ" ಎಂದಳು. ನೆರೆದವರೆದುರು ಸೊಸೆಗೆ ತಲೆ ಎತ್ತಲಾಗಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಾಂಭವಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಹಾಗಾದರೆ ಪುಡಿಯೆಲ್ಲ ವಿಷವೇ?" ಎಂದಳು.

"ಯಾವುದು ಯಾರ ಮೈಗೆ ಒಗ್ಗುತ್ತದೆಂದು ನಾಡಿ ನೋಡಿದ ವೈದ್ಯರು ಹೇಳಬೇಕು. ಅವಳು ಕೇಳಿದ್ದು ಮಾರುವವನನ್ನು."

"ಪಕ್ಕದ ಮನೆಯವಳಿಗೆ ಹೇಳುತ್ತೇನೆ" ಎಂದು ಅವಳು ಏಳಲು ಹೋದಳು.

ಗುರುಗಳು ಲೋಟವನ್ನು ಅವಳತ್ತ ಸರಿಸಿದರು.

"ಮೊದಲು ಇದನ್ನು ಕುಡಿ, ಮಗಳೇ, ಪಕ್ಕದ ಮನೆಯವಳ ಕೈ ತುಂಬಾ ನಡುಗುತ್ತಿದೆ."