ತೊಟ್ಟಿಲ ಗಿಳಿ

ಸೆರಾಫಿನ್ ಬಾಯಿ ಮೊಮ್ಮಗಳಿಗಾಗಿ ಮನೆಯ ಹಳೆಯ ತೊಟ್ಟಿಲನ್ನು ಉಜ್ಜಿ ಹೊಸದು ಮಾಡುತ್ತಿದ್ದರು. ಅವರ ಕೈಯಲ್ಲಿದ್ದ ಸ್ಯಾಂಡಿಂಗ್ ಮೆಷಿನ್ ಹಲಗೆಗಳ ಮೇಲಿನ ದಪ್ಪ ಬಣ್ಣವನ್ನೆಲ್ಲ ಕಿತ್ತು ತೆಗೆಯುತ್ತ, ತಲೆಯ ಕಡೆ ಕೆತ್ತಿದ್ದ ಪುಟ್ಟ ಗಿಳಿಯವರೆಗೆ ಬಂತು.

ತೊಟ್ಟಿಲು ಕೂಗಿ ಹೇಳಿತು: "ಅಣ್ಣಾ, ನಿಲ್ಲು. ಇದನ್ನು ಕೆತ್ತಿದ ಆಚಾರಿ ಈಗಿಲ್ಲ. ಕೊಕ್ಕು ಸವೆದರೆ ಮತ್ತೆ ಮಾಡಿಕೊಡುವವರಿಲ್ಲ."

ಮೆಷಿನ್ ತಟ್ಟನೆ ನಿಂತಿತು. ಬಿಸಿಯಾಗಿರಬೇಕೆಂದು ಸೆರಾಫಿನ್ ಬಾಯಿ ಅದನ್ನು ಪಕ್ಕಕ್ಕಿಟ್ಟು, ಸಣ್ಣ ಕಣಗಳ ಮರಳುಕಾಗದವೊಂದನ್ನು ಕೈಗೆತ್ತಿಕೊಂಡರು.

ಮೆಷಿನ್ ಕಾಗದಕ್ಕೆ ಹೇಳಿತು: "ತಮ್ಮಾ, ಇಲ್ಲಿ ನನ್ನ ಬಲದಿಂದ ಕೆಡುಕೇ ಆಗುತ್ತದೆ. ನೀನು ನೋಡಿಕೋ."

ಕಾಗದ ಮಡಚಿಕೊಂಡು ಸಂದುಸಂದಿಗೂ ಇಳಿಯಿತು. ಒಂದೊಂದೇ ಗರಿ ಬೆಳಕಿಗೆ ಬಂತು, ಕೊಕ್ಕು ಹಾಗೆಯೇ ಉಳಿಯಿತು.

"ನಿನ್ನ ಉಪಕಾರ ಮರೆಯಲಾರೆ," ಎಂದಿತು ತೊಟ್ಟಿಲು.

"ಮೊದಲು ಅಣ್ಣನಿಗೆ ಹೇಳು," ಎಂದಿತು ಕಾಗದ. "ಆ ದಪ್ಪ ಬಣ್ಣವನ್ನು ಅವನು ತೆಗೆಯದಿದ್ದರೆ ನಾನು ಮೊದಲ ಹಲಗೆಯಲ್ಲೇ ಹರಿದುಹೋಗುತ್ತಿದ್ದೆ."

ತೊಟ್ಟಿಲು ಮೆಷಿನ್ನಿನತ್ತ ತಿರುಗಿ ಕೃತಜ್ಞತೆ ಹೇಳಿತು. ಮೈತುಂಬ ಧೂಳು ಹೊತ್ತಿದ್ದ ಮೆಷಿನ್ ಮೆಲ್ಲನೆ ಅಂದಿತು: "ನನ್ನ ಸದ್ದಿಗೆ ಹೆದರಿ ಯಾರೂ ನನ್ನೊಡನೆ ಮಾತಾಡುವುದಿಲ್ಲ. ನೀನು ಹೆದರದೆ ನಿಲ್ಲೆಂದೆ. ನಾನೇ ನಿನಗೆ ಋಣಿ."